ಕದಿರೇನಹಳ್ಳಿಯ ಗೋರಂಟಿ

ಚಿಕ್ಕಬಳ್ಳಾಪುರ
14-6-1993

ಶ್ರೀ ಹನುಮಂತರಾಯಪ್ಪನವರಿಗೆ,

ವಂದನೆಗಳು. ಹನ್ನೆರಡು ವರ್ಷಗಳ ನಂತರ ಬರುತ್ತಿರುವ ಈ ಕಾಗದ ಯಾರದೆಂದು ನೀವು ಹುಬ್ಬೇರಿಸಬಹುದು. ನಾನು ಕೋನಪ್ಪ. ನಿಮ್ಮೂರಿನ ಕಾಲೋನಿಯವನು. ಶಿಡ್ಲಘಟ್ಟದ ಮಿಡ್ಲ್ ಸ್ಕೂಲಿನಲ್ಲಿ ನಿಮ್ಮ ಜೊತೆ ಒಂದೇ ತರಗತಿಯಲ್ಲಿ, ಬೇರೆ ಬೇರೆ ಬೆಂಚಿನಲ್ಲಿ ಕುಳಿತವನು. ಇಪ್ಪತ್ತೆಂಟು ವರ್ಷ ಚಿಂತಾಮಣಿಯ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸಿ ಹೋದ ವರ್ಷ ನಿವೃತ್ತನಾದೆ. ಈಗ ಚಿಕ್ಕಬಳ್ಳಾಪುರದ ಹೊರಗೆ, ಮುದ್ದೇನಹಳ್ಳಿ ರಸ್ತೆಯ ಕಡೆ, ಒಂದು ಸಣ್ಣ ಮನೆ ಕಟ್ಟಿಕೊಂಡಿದ್ದೇನೆ. ಜೊತೆಯಲ್ಲಿ ತಂಗಿ ಗಂಗುಲಮ್ಮ ಇದ್ದಾಳೆ.

ಇಲ್ಲಿ ಪುರಸಭೆಯ ನಲ್ಲಿಯಲ್ಲಿ ಆರು ದಿನಕ್ಕೊಮ್ಮೆ ನೀರು ಬರುತ್ತದೆ. ಈ ಬಗ್ಗೆ ಒಂಬತ್ತು ಅರ್ಜಿ ಬರೆದಿದ್ದೇನೆ. ಒಂಬತ್ತಕ್ಕೂ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ. ಮನೆಯ ಮುಂದೆ ನೆಟ್ಟ ಗುಲಾಬಿ ಸತ್ತಿತು, ದುಂಡುಮಲ್ಲಿಗೆ ಸತ್ತಿತು. ಆದ್ದರಿಂದ ನೀರು ಕೇಳದ, ಆದರೂ ಹೂ ಬಿಟ್ಟು ಘಮಘಮಿಸುವ ಗಿಡವೊಂದನ್ನು ಹಾಕಬೇಕೆಂದಿದ್ದೇನೆ. ಗೋರಂಟಿ, ಅಂದರೆ ಹೆಂಗಸರು ಎಲೆ ಅರೆದು ಕೈಗೆ ಹಚ್ಚಿಕೊಳ್ಳುವ ಮದರಂಗಿ. ನಿಮ್ಮ ಹಿತ್ತಿಲಿನ ಬೇಲಿಯಿಂದ ಹತ್ತು ಕಡ್ಡಿ ಬೇಕು. ಬೇರೆ ಕಡೆ ಸಿಗುವುದಿಲ್ಲವೆಂದಲ್ಲ. ನಿಮ್ಮ ಬೇಲಿಯದೇ ಬೇಕು.

ಕಾರಣ ನಿಮಗೆ ಗೊತ್ತಿದ್ದರೂ ಬರೆಯುತ್ತೇನೆ. ಬರೆದಿಡದ ಸಂಗತಿಯನ್ನು ಹತ್ತು ವರ್ಷಕ್ಕೆ ಜನ ಬದಲಾಯಿಸಿಬಿಡುತ್ತಾರೆ.

1981ರ ಜುಲೈ, ಆಷಾಢ ಮಾಸ. ಗಂಗುಲಮ್ಮನಿಗೆ ಇಪ್ಪತ್ನಾಲ್ಕು ವರ್ಷ. ನಿಮ್ಮ ಹುಳು ಮನೆಯಲ್ಲಿ ಆರು ವರ್ಷದಿಂದ ಕೆಲಸ ಮಾಡುತ್ತಿದ್ದಳು. ರೇಷ್ಮೆ ಹುಳು ಸೊಪ್ಪು ಬಿಟ್ಟು, ಪೊರೆ ಕಳಚಲು ಎಷ್ಟನೇ ಜ್ವರಕ್ಕೆ ಕೂತಿದೆ, ಯಾವಾಗ ಏಳುತ್ತದೆ ಎಂದು ತಟ್ಟೆ ಮುಟ್ಟಿ ಹೇಳುತ್ತಿದ್ದಳು. ‘ಗಂಗುಲಮ್ಮನ ಕೈಗುಣ’ ಎಂದು ನೀವೇ ಸಂತೆಯಲ್ಲಿ ಹೇಳಿಕೊಂಡು ತಿರುಗಿದ್ದನ್ನು ನಾನು ಕೇಳಿದ್ದೇನೆ. ಆ ಸಲ ನಾಲ್ಕನೇ ಜ್ವರ ಎದ್ದ ಮೇಲೆ ಹುಳುಗಳ ಮೈಮೇಲೆ ಕಪ್ಪು ಚುಕ್ಕೆ ಬಂತು. ಅರ್ಧಕ್ಕರ್ಧ ಸತ್ತವು. ಕಟ್ಟಿದ ಗೂಡುಗಳೂ ತೂತಾದವು. ಅವಳ ಅಂಗೈ ಗೋರಂಟಿಯಿಂದ ಕೆಂಪಗಿತ್ತು. ಹುಳು ಮನೆಗೆ ಹೂ ಮುಡಿದು, ವಾಸನೆ ಹಚ್ಚಿಕೊಂಡು ಬರಬಾರದೆಂಬ ಕಟ್ಟು ನಮ್ಮ ಕಡೆ ಮೊದಲಿನಿಂದಲೂ ಇದೆ, ಅದು ಸರಿಯಾದ ಕಟ್ಟೇ. ನೀವು ಅವಳ ಕೈ ನೋಡಿದಿರಿ. ಊರ ಮುಂದೆ “ಈ ಕೈಯೇ ಹುಳು ತಿಂದಿದ್ದು” ಎಂದಿರಿ.

ಅಲ್ಲಿಂದಾಚೆಗೆ ಸುತ್ತಿನ ಯಾವ ಊರಿನವರೂ ಅವಳನ್ನು ಹುಳು ಕೆಲಸಕ್ಕೆ ಕರೆಯಲಿಲ್ಲ. ಕೆಂಚಾರ್ಲಹಳ್ಳಿ ಕಡೆಯಿಂದ ನೋಡಲು ಬರಬೇಕಿದ್ದ ಗಂಡಿನವರು ಬರಲಿಲ್ಲ. ನಾನು ಅವಳನ್ನು ಚಿಂತಾಮಣಿಗೆ ಕರೆದುಕೊಂಡು ಬಂದೆ. ಈ ಹನ್ನೆರಡು ವರ್ಷ ಅವಳು ಹುಣಸೆಹಣ್ಣು ಬಿಡಿಸಿದ್ದಾಳೆ, ಕಡಲೆಕಾಯಿ ಸುಲಿದಿದ್ದಾಳೆ. ಜೀವ ಇರುವುದನ್ನು ಮುಟ್ಟುವುದಿಲ್ಲ. ಪಕ್ಕದ ಮನೆಯ ಕೂಸನ್ನು ಎತ್ತಿಕೊಳ್ಳುವುದಿಲ್ಲ.

ಹೋದ ವಾರ ನಿಮ್ಮೂರಿನ ಬಸ್ ಕಂಡಕ್ಟರ್ ಬಯ್ಯಪ್ಪ ಸಿಕ್ಕಿದ್ದ. ಕದಿರೇನಹಳ್ಳಿಯಲ್ಲಿ ಚಾಕಿ ಕೇಂದ್ರ ಬರುತ್ತದಂತೆ, ಎರಡನೇ ಜ್ವರದವರೆಗೆ ಮರಿಹುಳುಗಳನ್ನು ಅಲ್ಲೇ ಸಾಕಿ ರೈತರಿಗೆ ಕೊಡುತ್ತಾರಂತೆ, ಕೆಲಸ ಬಲ್ಲ ಹೆಂಗಸೊಬ್ಬರು ಬೇಕಂತೆ, ಸಂಘಕ್ಕೆ ನೀವೇ ಅಧ್ಯಕ್ಷರಂತೆ. ಮನೆಗೆ ಬಂದು ಹೇಳಿದೆ. ಗಂಗುಲಮ್ಮ ಹುಣಸೆಹಣ್ಣಿನಿಂದ ತಲೆ ಎತ್ತದೆ ಕೇಳಿದಳು: “ಯಾರನ್ನ ಇಟ್ಕೊತಾರಂತೆ ಅಣ್ಣ?”

ಹನ್ನೆರಡು ವರ್ಷದಲ್ಲಿ ಹುಳುವಿನ ವಿಷಯವಾಗಿ ಅವಳು ಕೇಳಿದ ಮೊದಲ ಪ್ರಶ್ನೆ ಇದು.

ಆದ್ದರಿಂದ ನನಗೆ ಎರಡು ಬೇಕು. ಹತ್ತು ಕಡ್ಡಿ ಮತ್ತು ನಿಮ್ಮ ಕೈಬರಹದ ಒಂದು ಸಾಲು: ‘ಅಂದು ತಪ್ಪು ಗಂಗುಲಮ್ಮನದಲ್ಲ.’ ಆ ಸಾಲಿಲ್ಲದೆ ನಿಮ್ಮ ಸಂಘದವರು ಅವಳನ್ನು ಬಾಗಿಲೊಳಗೆ ಬಿಡುವುದಿಲ್ಲ.

ಇಂತು,
ಕೋನಪ್ಪ

*

ಕದಿರೇನಹಳ್ಳಿ
2-7-93

ಕೋನಪ್ಪನಿಗೆ,

ಕ್ಷೇಮ. ನೀನು ಯಾವಾಗಿನಿಂದ ನನ್ನನ್ನ ‘ನೀವು’ ಅನ್ನೋಕೆ ಕಲಿತೆ? ನಿನ್ನ ಕಾಗದ ಓದಿ ನಾನು ಪುರಸಭೆ ಆಗಿಬಿಟ್ಟೆನೇನೋ ಅನ್ನಿಸಿತು. ನಾರಾಯಣಮ್ಮ ಯಾರ ಕಾಗದ ಅಂದಳು. ಚಿಕ್ಕಬಳ್ಳಾಪುರದಿಂದ ಹತ್ತನೇ ಅರ್ಜಿ ಅಂದೆ.

ಕಡ್ಡಿ ಕಳಿಸಿದ್ದೇನೆ. ನೀನು ಹತ್ತು ಕೇಳಿದ್ದೆ, ಹನ್ನೆರಡಿವೆ. ಒದ್ದೆ ಗೋಣಿಯಲ್ಲಿ ಸುತ್ತಿ ಬಯ್ಯಪ್ಪನ ಕೈಲಿ ಕೊಟ್ಟಿದ್ದೇನೆ. ನೀನು ಪುಸ್ತಕ ನೋಡಿ ನೆಡುವವನು, ಅದಕ್ಕೆ ಹೇಳುತ್ತೇನೆ. ಹಿಪ್ಪುನೇರಳೆ ಕಡ್ಡಿ ನೆಟ್ಟ ಹಾಗೇ ಇದೂ. ಓರೆ ಕೊಯ್ದಿರುವ ತುದಿ ಕೆಳಗೆ ಬರಬೇಕು. ಮೂರು ಕಣ್ಣು ಮಣ್ಣೊಳಗೆ, ಎರಡು ಕಣ್ಣು ಮೇಲೆ. ಕೆಂಪು ಮಣ್ಣು ಸಾಕು, ಗೊಬ್ಬರ ಬೇಡ. ನೀರು ಕಡಿಮೆ. ಗೋರಂಟಿ ಒಣಗಿ ಸಾಯುವುದಕ್ಕಿಂತ ನೀರು ಕುಡಿದು ಸಾಯುವುದೇ ಜಾಸ್ತಿ. ಚಿಗುರಿದ ಮೇಲೆ ಒಂದು ವರ್ಷ ಕತ್ತರಿ ಹಾಕಬೇಡ. ಎಲೆ ಕೀಳುತ್ತಾ ಇದ್ದರೆ ಅದು ಬರೀ ಬೇಲಿ. ಬಿಟ್ಟರೆ ತುದಿಯಲ್ಲಿ ಗೊಂಚಲು ಗೊಂಚಲು ಹೂ ಬರುತ್ತೆ, ಸಂಜೆ ಹೊತ್ತು ಬಾವಿಯವರೆಗೂ ವಾಸನೆ ಬರುತ್ತೆ. ಈಗಲೂ ಬರ್ತಾ ಇದೆ.

ಇನ್ನೊಂದು ವಿಷಯ. ಅದು ಹಳೇ ಮಾತು. ಆವತ್ತು ಹುಳು ಹೋದ ಸಂಕಟದಲ್ಲಿ ಯಾರು ಏನು ಅಂದರೋ. ಈಗ ಅದನ್ನ ಕೆದಕಿ ಕಾಗದದಲ್ಲಿ ಬರೆದುಕೊಡು ಅಂದರೆ ಹೇಗೆ? ಸಂಘದಲ್ಲಿ ಇಪ್ಪತ್ತಮೂರು ಜನ ಇದ್ದಾರೆ, ಒಬ್ಬೊಬ್ಬರದು ಒಂದೊಂದು ತಲೆ. ಕಟ್ಟಡಕ್ಕೇ ಇನ್ನೂ ತಳಪಾಯ ಬಿದ್ದಿಲ್ಲ. ಸಮಯ ಬಂದಾಗ ನೋಡೋಣ.

ಗಂಗುಲಮ್ಮ ಆರೋಗ್ಯವಾಗಿದ್ದಾಳಾ? ಕೇಳಿದೆ ಅಂತ ಹೇಳು.

ನಿನ್ನ,
ಹನುಮಂತರಾಯಪ್ಪ

*

ಚಿಕ್ಕಬಳ್ಳಾಪುರ
29-8-1993

ಶ್ರೀ ಹನುಮಂತರಾಯಪ್ಪನವರಿಗೆ,

ಕಡ್ಡಿಗಳು ತಲುಪಿದವು. ಹನ್ನೆರಡನ್ನೂ ನೆಟ್ಟೆ. ಹನ್ನೆರಡೂ ಸತ್ತವು. ತಪ್ಪು ನನ್ನದು. ನೀವು ನೀರು ಕಡಿಮೆ ಎಂದು ಬರೆದಿದ್ದಿರಿ, ನಾನು ತೋಟಗಾರಿಕೆಯ ಒಂದು ಪುಸ್ತಕ ನೋಡಿ ದಿನಕ್ಕೆರಡು ಸಲ ನೀರು ಹಾಕಿದೆ. ಅದು ನೀರು ಹೇರಳವಾಗಿರುವ ಯಾವುದೋ ನಾಡಿಗೆ ಬರೆದ ಪುಸ್ತಕವಿರಬೇಕು. ಕುಡಿಯುವ ನೀರನ್ನು ಉಳಿಸಿ ಉಳಿಸಿ ಗಿಡ ಕೊಂದೆ. ನೆಡುವಾಗ ಗಂಗುಲಮ್ಮನನ್ನು ಕರೆದೆ. ಬಾಗಿಲಲ್ಲೇ ನಿಂತು “ನನ್ನ ಕೈ ಬೇಡ ಅಣ್ಣ” ಎಂದಳು.

ಆದರೆ ಕಡ್ಡಿಗಳು ವ್ಯರ್ಥವಾಗಲಿಲ್ಲ. ನನಗೆ ಬೇಕಾಗಿದ್ದ ಪುರಾವೆ ಅವುಗಳ ಜೊತೆ ಬಂತು.

ನಿಮ್ಮ ಗೋರಂಟಿ ಬೇಲಿಗೂ ಹುಳು ಮನೆಗೂ ಎಷ್ಟು ದೂರ? ಬಾವಿಗೆ ಹೋಗುವಾಗ ನಾನು ಹೆಜ್ಜೆ ಹಾಕಿ ಬಲ್ಲೆ, ಹದಿನೈದು ಹೆಜ್ಜೆ. ಸಂಜೆ ಹೊತ್ತು ಬಾವಿಯವರೆಗೂ ವಾಸನೆ ಬರುತ್ತದೆ, ಈಗಲೂ ಬರುತ್ತಿದೆ ಎಂದು ನೀವೇ ಬರೆದಿದ್ದೀರಿ. ಬಾವಿ ಇರುವುದು ಹುಳು ಮನೆಯ ಆಚೆ. ಗೋರಂಟಿಯ ವಾಸನೆಗೆ ಹುಳು ಸಾಯುತ್ತದೆಂದು ನೀವು ನಿಜವಾಗಿ ನಂಬಿದ್ದರೆ 1981ರ ಆಗಸ್ಟ್ ತಿಂಗಳಲ್ಲೇ ಆ ಬೇಲಿಯನ್ನು ಬೇರುಸಹಿತ ಕೀಳಿಸುತ್ತಿದ್ದಿರಿ. ಕೀಳಿಸಿದ್ದು ಬೇಲಿಯನ್ನಲ್ಲ, ನನ್ನ ತಂಗಿಯನ್ನು. ಬೇಲಿ ಹನ್ನೆರಡು ವರ್ಷದಿಂದ ಹೂ ಬಿಡುತ್ತಿದೆ, ನಿಮ್ಮ ಹುಳುಗಳು ಹನ್ನೆರಡು ವರ್ಷದಿಂದ ಗೂಡು ಕಟ್ಟುತ್ತಿವೆ.

ಎರಡನೆಯದು. ರೇಷ್ಮೆ ಇಲಾಖೆಯವರು ಹಂಚಿದ ಒಂದು ತಿಳಿವಳಿಕೆ ಪತ್ರ ಗ್ರಂಥಾಲಯಕ್ಕೂ ಬಂದಿತ್ತು. ಅದನ್ನು ಕಪಾಟಿನಲ್ಲಿ ಇಟ್ಟವನೇ ನಾನು, ಎಂಬತ್ತಮೂರರಲ್ಲಿ. ಊಜಿ ನೊಣ ಎಂಬುದು ಎಂಬತ್ತರ ಸುಮಾರಿಗೆ ನಮ್ಮ ಕಡೆಗೆ ಹೊಸದಾಗಿ ಬಂತು. ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ. ಆ ಜಾಗದಲ್ಲಿ ಕಪ್ಪು ಚುಕ್ಕೆಯಾಗುತ್ತದೆ. ಒಳಗೆ ಬೆಳೆದ ಮರಿ ಗೂಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ಕಪ್ಪು ಚುಕ್ಕೆ, ತೂತು ಗೂಡು. ಇನ್ನೇನು ಬೇಕು? ಅದೇ ವರ್ಷ ನಿಮ್ಮೂರಿನಲ್ಲೂ ಇಲಾಖೆಯವರು ಸಭೆ ಮಾಡಿದರು, ಕಿಟಕಿ ಬಾಗಿಲಿಗೆ ನೈಲಾನ್ ಪರದೆ ಹಾಕಿಸಿದರು. ನೀವೂ ಹಾಕಿಸಿದಿರಿ. ಅಂದರೆ ಹತ್ತು ವರ್ಷದಿಂದ ನಿಮಗೆ ಗೊತ್ತು.

ಮೂರನೆಯದು. ಗಂಗುಲಮ್ಮ ಅಂದೇ ನಿಮಗೆ ಹೇಳಿದ್ದಳು, ನನಗೆ ಈಗ ಹೇಳಿದಳು. “ಗೌಡ್ರೆ, ಯಾವ್ದೋ ದಪ್ಪ ನೊಣ ತಟ್ಟೆ ಮೇಲೆ ಕೂರ್ತಾ ಇದೆ, ನಾನು ಇಂಥದ್ದು ನೋಡಿರ್ಲಿಲ್ಲ.” ಇಲಾಖೆಗಿಂತ ಎರಡು ವರ್ಷ ಮುಂಚೆ ಅದನ್ನು ಕಂಡವಳು ಅವಳು. ಅವಳ ಮಾತು ಯಾರಿಗೂ ಕೇಳಿಸಲಿಲ್ಲ. ಕೈಯ ಬಣ್ಣ ಮಾತ್ರ ಎಲ್ಲರಿಗೂ ಕಂಡಿತು.

ನಾಲ್ಕನೆಯದನ್ನು ಬರೆಯಲು ನನಗೆ ಇಷ್ಟವಿಲ್ಲ, ಆದರೂ ಬರೆಯುತ್ತೇನೆ. ಅವಳು ಗೋರಂಟಿ ಹಚ್ಚಿಕೊಂಡಿದ್ದು ಹುಳು ಸಾಯುವ ಹನ್ನೊಂದು ದಿನ ಮೊದಲು, ಬಿಡುವಿದ್ದ ದಿನ. ಬಣ್ಣ ಮೂರು ವಾರ ಇರುತ್ತದೆ. ವಾಸನೆ ಮೂರು ದಿನಕ್ಕೆ ಹೋಗುತ್ತದೆ. ಮತ್ತು ಆ ಆಷಾಢದಲ್ಲಿ ನಿಮ್ಮ ಹುಳು ಮನೆಯಲ್ಲಿ ಸೊಪ್ಪು ಹಾಕುತ್ತಿದ್ದ ಕೆಂಪು ಕೈಗಳು ಎರಡು ಜೊತೆ. ನೀವು ನೋಡಿದ್ದು ಒಂದು ಜೊತೆಯನ್ನು. ಇನ್ನೊಂದು ಜೊತೆ ಯಾರದೆಂದು ನಿಮ್ಮ ಮನೆಯಲ್ಲೇ ಕೇಳಿ.

ಒಂದು ಸಾಲು. ನಾನು ಹೆಚ್ಚು ಕೇಳುತ್ತಿಲ್ಲ.

ಇಂತು,
ಕೋನಪ್ಪ

*

[ಕಾರ್ಡು]

ಕದಿರೇನಹಳ್ಳಿ
11-9-93

ಕೋನಪ್ಪ,

ಗಿಡ ನೆಡೋಕೆ ಕಡ್ಡಿ ಕೇಳಿದೆ ಅಂತ ತಿಳಿದಿದ್ದೆ. ಕೋರ್ಟಿಗೆ ಅಂತ ಗೊತ್ತಿರಲಿಲ್ಲ. ಗೊತ್ತಿದ್ದರೆ ಬೇಲಿಗೇ ಸಹಿ ಹಾಕಿಸಿ ಕಳಿಸುತ್ತಿದ್ದೆ. ನನ್ನ ಮನೆ ಹೆಂಗಸರ ವಿಷಯಕ್ಕೆ ಬರಬೇಡ. ಇನ್ನು ಮುಂದೆ ಕಾಗದ ಬೇಡ.

ಹನುಮಂತರಾಯಪ್ಪ

*

ಕದಿರೇನಹಳ್ಳಿ
ಕಾರ್ತಿಕ ಮಾಸ, 22-11-93

ಗಂಗುಲಮ್ಮನಿಗೆ ನಾರಾಯಣಮ್ಮ ಮಾಡುವ ನಮಸ್ಕಾರ.

ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಅರ್ಧ ತೆಲುಗು. ಅಕ್ಷರ ಅಂಕುಡೊಂಕು. ಬೇರೆಯವರ ಕೈಲಿ ಬರೆಸಬಾರದು ಅಂತ ನಾನೇ ಬರೀತಾ ಇದೀನಿ. ನಿಧಾನಕ್ಕೆ ಓದಿಕೋ ತಾಯಿ.

ನಿಮ್ಮಣ್ಣನ ಕಾಗದ ಅವರು ಅಟ್ಟದ ಮೇಲೆ ಇಟ್ಟಿದ್ದರು. ಹುಳು ಗೂಡು ಕಟ್ಟೋ ಚಂದ್ರಿಕೆ ಇಳಿಸೋಕೆ ಹತ್ತಿದಾಗ ಸಿಕ್ತು. ಓದಿದೆ. ಇನ್ನೊಂದು ಜೊತೆ ಕೈ ಯಾರದು ಅಂತ ನಿಮ್ಮಣ್ಣ ಬರೆದಿದ್ದಾರೆ. ನನ್ನದು. ಅವರು ನನ್ನನ್ನ ಕೇಳಲಿಲ್ಲ. ಕೇಳದೆ ಹೋದರೂ ಹೇಳಬೇಕಾದವಳು ನಾನು.

ಆ ಆಷಾಢದಲ್ಲಿ ಬೇಲಿಯಿಂದ ಸೊಪ್ಪು ಕಿತ್ತವಳು ನಾನು, ನಮ್ಮ ಒರಳಲ್ಲಿ ಅರೆದವಳು ನಾನು. ನೀನು ಬಾಗಿಲಲ್ಲಿ ನಿಂತಿದ್ದೆ. ನಿಂಗೂ ಬೇಕೇನೇ ಅಂದೆ. ನೀನು ಕೈ ಚಾಚಿದೆ. ನಿನ್ನ ಕೈ ಮುಟ್ಟದ ಹಾಗೆ ಮೇಲಿನಿಂದ ಮುದ್ದೆ ಹಾಕಿದೆ. ನೀನು ನಿನ್ನ ಕೈಗೆ ನೀನೇ ಮೆತ್ತಿಕೊಂಡೆ. ಒಂದು ಕೈಯಿಂದ ಇನ್ನೊಂದಕ್ಕೆ ಹಚ್ಚಿಕೊಳ್ಳೋದು ಕಷ್ಟ, ಬಲಗೈ ಸರಿಯಾಗಿ ಬರಲಿಲ್ಲ ಅಂತ ನೀನು ನಕ್ಕೆ. ಎಲ್ಲಾ ಗ್ಯಾಪಕ ಇದೆ ನಂಗೆ.

ಹುಳು ಹೋದ ದಿನ ಅವರು ನಿನ್ನ ಕೈ ಹಿಡಿದು ತೋರಿಸಿ ಕೂಗಾಡಿದರು. ಮುಟ್ಟಬಾರದು ಅನ್ನೋದು ಆವಾಗ ಅವರಿಗೂ ಮರೆತುಹೋಗಿತ್ತು. ನಾನು ಕಂಬದ ಪಕ್ಕ ನಿಂತಿದ್ದೆ. ಎರಡು ಕೈಯನ್ನೂ ಸೆರಗಲ್ಲಿ ಸುತ್ತಿಕೊಂಡೆ. ನೀನು ನನ್ನ ಕಡೆ ನೋಡಿದೆ. ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ. ಆಮೇಲೆ ಒಂದು ವಾರ ಬೂದಿ ಹಾಕಿ, ಹುಣಸೆಹಣ್ಣು ಹಾಕಿ ತಿಕ್ಕಿದೆ, ಹೋಗಲಿಲ್ಲ. ಅದು ಹೋಗೋವರೆಗೂ ಊರವರ ಮುಂದೆ ಅವರಿಗೆ ಅನ್ನ ಬಡಿಸಲಿಲ್ಲ. ಆವತ್ತಿನಿಂದ ಗೋರಂಟಿ ಅರೆದಿಲ್ಲ. ಅದಕ್ಕೇ ಬೇಲಿ ಹಾಗೆ ಹೂ ಬಿಡ್ತಾ ಇರೋದು.

ಕಡ್ಡಿ ಎಂಟು ಕಳಿಸಿದೀನಿ, ಬಯ್ಯಪ್ಪನ ಕೈಲಿ. ಬಲಿತ ಕೊಂಬೆಯದು, ಬೇಗ ಹಿಡಿಯುತ್ತೆ. ಮಳೆ ಆಗಿ ಮಣ್ಣು ಹದವಾಗಿದೆ. ನಿಮ್ಮಣ್ಣನ ಕೈಗೆ ಕೊಡಬೇಡ. ನೀನು ನೆಡು.

ನಾರಾಯಣಮ್ಮ

*

ಚಿಕ್ಕಬಳ್ಳಾಪುರ
6-3-1994

ಹನುಮಂತರಾಯಪ್ಪನಿಗೆ,

ಕಾಗದ ಬೇಡ ಎಂದು ನೀನು ಬರೆದಿದ್ದೆ. ಆದರೂ ಇದೊಂದನ್ನು ಓದು. ಇದರಲ್ಲಿ ಪುರಾವೆ ಇಲ್ಲ.

ನವೆಂಬರಿನಲ್ಲಿ ನಿಮ್ಮ ಮನೆಯಿಂದ ಗಂಗುಲಮ್ಮನ ಹೆಸರಿಗೆ ಒಂದು ಕಾಗದ ಬಂತು. ಏನು ಬರೆದಿತ್ತೆಂದು ನಾನು ಕೇಳಲಿಲ್ಲ. ಅವಳು ಮೂರು ದಿನ ಓದಿದಳು. ಎಂಟು ಕಡ್ಡಿಗಳನ್ನು ಬಕೆಟ್ಟಿನಲ್ಲಿ ನಿಲ್ಲಿಸಿದ್ದಳು, ನೆಟ್ಟಿರಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ, ಬಾಡುತ್ತವೆ, ನಾನು ನೆಡಲೇ ಎಂದು ಕೇಳಿದೆ. “ನೀನು ಮುಟ್ಟಬೇಡ, ನೀನು ಪುಸ್ತಕ ನೋಡ್ತೀಯ” ಎಂದಳು. ಕೊಂಬೆಯ ಕಣ್ಣುಗಳನ್ನು ಬೆರಳಿನಲ್ಲಿ ತಡವಿ, ನಾಲ್ಕನ್ನು ಗೇಟಿನ ಈ ಕಡೆ, ನಾಲ್ಕನ್ನು ಆ ಕಡೆ ನೆಟ್ಟಳು. ವಾರಕ್ಕೊಮ್ಮೆ ಪಾತ್ರೆ ತೊಳೆದ ನೀರು ಹಾಕುತ್ತಾಳೆ, ಅಷ್ಟೇ. ಏಳು ಚಿಗುರಿವೆ. ಒಂದನ್ನು ಎಮ್ಮೆ ತುಳಿಯಿತು. ಎಮ್ಮೆ ಯಾರದೆಂದು ಗೊತ್ತು, ಅದರ ಮೇಲೂ ಪುರಸಭೆಗೆ ಬರೆದಿದ್ದೇನೆ.

ಮೊದಲ ಚಿಗುರು ಬಂದ ದಿನ ಅವಳು ಅದರ ಮುಂದೆ ಕುಕ್ಕುರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು. ನಾನು ಖುಷಿಯಿಂದ ನಿನ್ನ ವಿಷಯ ತೆಗೆದೆ. ಹನುಮಂತರಾಯಪ್ಪ ಆ ಒಂದು ಸಾಲನ್ನು ಬರೆದುಕೊಡುವವರೆಗೆ ನಾನು ಬಿಡುವುದಿಲ್ಲ ಎಂದೆ. ಅವಳು ತಿರುಗಿ ನೋಡದೆ ಅಂದಳು:

“ಅವರು ಊರ ಮುಂದೆ ಅಂದ್ರು. ನೀನು ಮನೇಲಿ ಕೇಳ್ದೆ.”

ಹನುಮಂತರಾಯಪ್ಪ, ನನಗೆ ಎಲ್ಲವೂ ನೆನಪಿರುತ್ತದೆಂದು ನನ್ನ ಹೆಮ್ಮೆ. ನಲವತ್ತೇಳರಲ್ಲಿ ನಮ್ಮ ಶಾಲೆಯಲ್ಲಿ ಬಾವುಟ ಹಾರಿಸಿದಾಗ ಕಾಲೋನಿ ಮಕ್ಕಳಿಗೆ ಮಿಠಾಯಿ ಸಾಲದೆ ಹೋದದ್ದು ನೆನಪಿದೆ. ಯಾವ ಅರ್ಜಿಗೆ ಯಾವ ತಾರೀಖು ಎಂದು ಚೀಟಿ ನೋಡದೆ ಹೇಳಬಲ್ಲೆ. ಇದೊಂದು ನೆನಪಿರಲಿಲ್ಲ. ಅವಳು ಹೇಳಿದ ಮೇಲೆ ಬಂತು. ಸುದ್ದಿ ಕೇಳಿ ನಾನು ಚಿಂತಾಮಣಿಯಿಂದ ಬಂದ ದಿನ ಅವಳು ಒಲೆಯ ಮುಂದೆ ಕೂತಿದ್ದಳು. ಊಟ ಮಾಡಿದೆಯಾ ಎಂದು ನಾನು ಕೇಳಲಿಲ್ಲ. ಅಳಬೇಡ ಎನ್ನಲಿಲ್ಲ. “ಕೈಗೆ ಅದನ್ನ ಯಾಕ್ ಹಚ್ಕೊಂಡೆ?” ಎಂದು ಕೇಳಿದೆ. ಎರಡು ಸಲ ಕೇಳಿದೆ. ಅವಳು ಉತ್ತರ ಕೊಡಲಿಲ್ಲ. ನಾನೂ ನಂಬಿದ್ದೆ. ಎಂಬತ್ತಮೂರರಲ್ಲಿ ಆ ತಿಳಿವಳಿಕೆ ಪತ್ರವನ್ನು ಓದಿ ಕಪಾಟಿನಲ್ಲಿಟ್ಟವನು ಸಂಜೆ ಮನೆಗೆ ಬಂದು ಅವಳಿಗೆ ಹೇಳಲೂ ಇಲ್ಲ. ಹೇಳಿದರೆ ನಾನು ಕೇಳಿದ ಪ್ರಶ್ನೆಯೂ ಅದರ ಜೊತೆ ಏಳುತ್ತಿತ್ತು.

ಆದ್ದರಿಂದ ಹತ್ತು ವರ್ಷದಿಂದ ಗೊತ್ತಿದ್ದೂ ಸುಮ್ಮನಿದ್ದವರು ಇಬ್ಬರು. ನಾನು ಅವಳ ಕ್ಷಮೆ ಕೇಳಿದೆ. “ಆಯ್ತು ಬಿಡು, ಎಮ್ಮೆ ಬಂತು ನೋಡು” ಎಂದಳು.

ನಿನ್ನನ್ನು ಇನ್ನು ಒತ್ತಾಯಿಸುವುದಿಲ್ಲ. ಆದರೆ ಚಾಕಿ ಕೇಂದ್ರಕ್ಕೆ ಅವಳು ಅರ್ಜಿ ಹಾಕಿದ್ದಾಳೆ. ನಾನು ಬರೆದುಕೊಡುತ್ತೇನೆಂದರೆ ಬೇಡವೆಂದು ತಾನೇ ಬರೆದಳು. ಐದು ಸಾಲು. ನಾನಾಗಿದ್ದರೆ ಐದು ಪುಟ ಬರೆಯುತ್ತಿದ್ದೆ. ಅದು ನಿನ್ನ ಸಂಘದ ಮುಂದೆ ಬರುತ್ತದೆ.

ಕೋನಪ್ಪ

*

ಕದಿರೇನಹಳ್ಳಿ
19-6-94

ಕೋನಪ್ಪನಿಗೆ,

ಮೂರು ತಿಂಗಳು ಉತ್ತರ ಬರೆಯಲಿಲ್ಲ. ಬರೆಯೋಕೆ ಏನಾದರೂ ಇರಲಿ ಅಂತ ಕಾಯುತ್ತಿದ್ದೆ.

ಮೊನ್ನೆ ಗುರುವಾರ ಸಂಘದ ಸಭೆ ಆಯಿತು. ಕೇಂದ್ರದ ಕಟ್ಟಡಕ್ಕೆ ಸುಣ್ಣ ಆಗಿದೆ. ಇಲಾಖೆಯವರು ಬಂದಿದ್ದರು. ಅರ್ಜಿ ಮೂರಿದ್ದವು. ಎರಡು ಅರ್ಜಿಯವರಿಗೆ ಚಾಕಿ ಅಂದರೆ ಏನು ಅಂತಲೇ ಗೊತ್ತಿಲ್ಲ. ಮೂರನೆಯದು ಗಂಗುಲಮ್ಮನದು. ಹೆಸರು ಓದಿದೆ. ಎರ್ರಪ್ಪ ನಿನಗೆ ಗೊತ್ತಲ್ಲ, ಕೆರೆ ಕೆಳಗಿನ ತೋಟದವನು, ಎದ್ದು ನಿಂತ.

“ಆಯಮ್ಮನ ಕೈ ಸಂಗತಿ ಅಧ್ಯಕ್ಷರಿಗೇ ಚೆನ್ನಾಗಿ ಗೊತ್ತು. ಊರಿನ ಮೊಟ್ಟೆ ಎಲ್ಲಾ ಒಂದೇ ಕಡೆ ಇಟ್ಟು ಆ ಕೈಗೆ ಕೊಡಾದಾ?”

ಕೋನಪ್ಪ, ನಾನು ಒಂದು ಸಾಲು ಕಾಗದದಲ್ಲಿ ಬರೆದು ಜೇಬಲ್ಲಿಟ್ಟುಕೊಂಡಿದ್ದೆ. ನೀನು ಹೇಳಿದ್ದೇ ಸಾಲು. ಅದನ್ನ ಇಲಾಖೆಯವರ ಕೈಗೆ ಕೊಟ್ಟು ಸುಮ್ಮನಾಗೋಣ ಅಂತಿದ್ದೆ. ಆದರೆ ಆವತ್ತು ನಾನು ಅಂದಿದ್ದು ಬಾಯಲ್ಲಿ, ಕಾಗದದಲ್ಲಲ್ಲ. ಎದ್ದು ಹೇಳಿದೆ.

“ಆವತ್ತು ಹುಳು ತಿಂದಿದ್ದು ಊಜಿ ನೊಣ ಕಣಪ್ಪ. ಆಯಮ್ಮನೇ ಮೊದ್ಲು ನೋಡಿ ನಂಗೆ ಹೇಳಿದ್ಳು. ನಾನು ಕಿವಿಗೆ ಹಾಕ್ಕೊಳ್ಳಿಲ್ಲ. ತಪ್ಪು ನಂದು.”

ಎರ್ರಪ್ಪ ಬಿಡುವವನಲ್ಲ. “ಯಾವಾಗ ಗೊತ್ತಾಯ್ತು ಅಣ್ಣ ನಿಂಗೆ?” ಅಂದ. ಎಂಬತ್ತಮೂರರಲ್ಲಿ ಅಂದೆ. “ಮತ್ತೆ ಇಷ್ಟು ವರ್ಷ?” ಅಂದ. ಯಾರೂ ಕೇಳಲಿಲ್ಲ ಅನ್ನಬೇಕು ಅಂತ ಬಾಯಿಗೆ ಬಂತು. ನೀನು ಕೇಳಿದ್ದೆಯಲ್ಲ, ಅದಕ್ಕೆ ಅನ್ನಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ನಾರಾಯಣಮ್ಮ ಬಂದಳು. ಸಭೆಗೆ ಕಾಫಿ ತಂದವಳು ತಟ್ಟೆ ಕೆಳಗಿಟ್ಟು, ಎರಡು ಕೈಯನ್ನೂ ಬಿಚ್ಚಿ ಎರ್ರಪ್ಪನ ಮುಂದೆ ಹಿಡಿದಳು. ನಾನು ನೋಡೇ ಇರಲಿಲ್ಲ, ಯಾವಾಗ ಅರೆದಿದ್ದಳೋ, ಅಂಗೈ ಎರಡೂ ಹವಳದ ಹಾಗೆ ಇದ್ದವು. “ಈಗ ನಮ್ಮ ಮನೇಲಿ ನಾಲ್ಕನೇ ಜ್ವರ ಎದ್ದಿರೋ ಹುಳ ಇದಾವೆ. ದಿನಾ ಸೊಪ್ಪು ಹಾಕ್ತಿರೋದು ಈ ಕೈಯೇ. ಹೋಗಿ ನೋಡ್ಕೊಂಡ್ ಬಾರಪ್ಪ” ಅಂದಳು. ಆವತ್ತೂ ತನ್ನ ಕೈ ಕೆಂಪಗಿತ್ತು ಅಂತಲೂ ಹೇಳಿದಳು. ಎರ್ರಪ್ಪ ಕೂತುಕೊಂಡ. ಕಾಫಿ ಆರಿಹೋಗಿತ್ತು.

ಕೈ ಎತ್ತಿಸಿದೆವು. ಹದಿನಾಲ್ಕು ಗಂಗುಲಮ್ಮನ ಕಡೆ. ಐದು ಬೇಡ ಅಂದವು. ನಾಲ್ಕು ಜನ ಬೀಡಿ ಸೇದೋಕೆ ಎದ್ದು ಹೋಗಿದ್ದರು. ಆ ಐದು ಯಾವುವು ಅಂತ ಅವಳಿಗೂ ಗೊತ್ತಾಗಬೇಕು, ಬಂದ ಮೇಲೆ ಹೇಳುತ್ತೇನೆ. ಬರೋದು ಬಿಡೋದು ಅವಳ ಇಷ್ಟ. ಇಲ್ಲಿ ಎಲ್ಲಾ ಸರಿ ಹೋಗಿದೆ ಅಂತ ನಾನು ಸುಳ್ಳು ಹೇಳಲ್ಲ.

ಆ ಒಂದು ಸಾಲನ್ನೂ ಇದರ ಜೊತೆ ಇಟ್ಟಿದ್ದೇನೆ. ತಾರೀಖು ಹಾಕಿ ಸಹಿ ಮಾಡಿದ್ದೇನೆ. ನಿನಗೆ ಕಡತದಲ್ಲಿ ಇಡೋಕೆ ಬೇಕಲ್ಲ.

ನಿನ್ನ,
ಹನುಮಂತರಾಯಪ್ಪ

*

ಚಿಕ್ಕಬಳ್ಳಾಪುರ
16-10-1994

ಗಂಗುಲಮ್ಮನಿಗೆ,

ಕ್ಷೇಮ. ನೀನು ಹೋಗಿ ಇಂದಿಗೆ ನಲವತ್ತು ದಿನ. ಅಡುಗೆ ಮಾಡಿಕೊಳ್ಳುತ್ತಿದ್ದೇನೆ, ಮುದ್ದೆ ಇನ್ನೂ ಗಂಟಾಗುತ್ತದೆ. ನೀರು ಈಗ ಐದು ದಿನಕ್ಕೊಮ್ಮೆ ಬರುತ್ತಿದೆ. ಇದನ್ನು ನನ್ನ ಅರ್ಜಿಯ ಫಲವೆಂದು ನಾನು ತಿಳಿದಿದ್ದೇನೆ, ಮಳೆಯ ಫಲವೆಂದು ಪಕ್ಕದವರು ಹೇಳುತ್ತಾರೆ.

ಗೇಟಿನ ಬಲಗಡೆಯ ಎರಡನೇ ಗಿಡದ ತುದಿಯಲ್ಲಿ ಹೂ ಬಂದಿದೆ. ಸಾಸಿವೆಗಿಂತ ಸ್ವಲ್ಪ ದೊಡ್ಡ ಮೊಗ್ಗು, ಕೆನೆ ಬಣ್ಣ, ಒಂದೇ ಗೊಂಚಲು. ಇಷ್ಟು ಸಣ್ಣ ಹೂವಿಗೆ ಇಷ್ಟು ವಾಸನೆ ಹೇಗೆಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ನಿನ್ನೆ ಸಂಜೆ ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ಯಾವ ಗಿಡವೆಂದು ಕೇಳಿದರು. ಗೋರಂಟಿ ಎಂದೆ. ಗೋರಂಟಿ ಹೂ ಬಿಡುತ್ತದಾ ಎಂದು ಆಶ್ಚರ್ಯಪಟ್ಟರು. ಬಿಟ್ಟರೆ ಬಿಡುತ್ತದೆ ಎಂದೆ.

ನಾನು ನೀರು ಹಾಕುತ್ತಿಲ್ಲ.

ನಿನ್ನ ಅಣ್ಣ,
ಕೋನಪ್ಪ

*

ಕದಿರೇನಹಳ್ಳಿ
2-11-94

ಅಣ್ಣನಿಗೆ ಗಂಗುಲಮ್ಮ ಮಾಡುವ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಎರಡನೇ ತಂಡದ ಹುಳು ನಿನ್ನೆ ಎರಡನೇ ಜ್ವರ ಎದ್ದವು. ಒಂದೇ ಸಮ ಎದ್ದಿವೆ. ಬೆಳಿಗ್ಗೆ ರೈತರು ಬಂದು ತಗೊಂಡು ಹೋದರು. ಎರ್ರಪ್ಪನವರು ಬರಲಿಲ್ಲ, ಸೊಸೆಯನ್ನು ಕಳಿಸಿದ್ದರು. ಬೇಡ ಅಂದ ಐದರಲ್ಲಿ ಅವರೂ ಒಬ್ಬರು ಅಂತ ಗೌಡರು ಹೇಳಿದ್ದಾರೆ. ಅವರ ಪಾಲಿನ ಹುಳವನ್ನೂ ನಾನು ಎಲ್ಲರ ಹಾಗೇ ನೋಡಿಕೊಂಡೆ.

ಬಾಗಿಲಿಗೆ, ಕಿಟಕಿಗೆ ಪರದೆ ಇದೆ. ಆದರೂ ದಿನಾ ಬೆಳಿಗ್ಗೆ ನೊಣ ಇದೆಯಾ ಅಂತ ನೋಡುತ್ತೇನೆ. ಹೊರಗೆ ಒಂದು ಬೋರ್ಡು ಬರೆಸಿದ್ದೇನೆ. ಬೀಡಿ ಸೇದಿ ಒಳಗೆ ಬರಬೇಡಿ. ಹೂ ಮುಡಿದು ಬರಬೇಡಿ. ಗೋರಂಟಿ ಹಚ್ಚಿದವರು ಮೂರು ದಿನ ಬಿಟ್ಟು ಬನ್ನಿ, ಬಣ್ಣ ಇದ್ದರೆ ಪರವಾಗಿಲ್ಲ. ಕೊನೆಯ ಸಾಲು ಬೇಕಾ ಅಂತ ಬರೆಯುವವನು ಕೇಳಿದ. ಅದೇ ಮುಖ್ಯ ಬರಿಯಪ್ಪ ಅಂದೆ.

ಹಬ್ಬಕ್ಕೆ ಒಂದು ವಾರ ಕೇಂದ್ರಕ್ಕೆ ರಜ. ಇವತ್ತು ಮಧ್ಯಾಹ್ನ ನಾರಾಯಣಮ್ಮನವರು ಅರೆದುಕೊಂಡು ಕೂತಿದ್ದರು. ಒರಳ ಪಕ್ಕ ಕೂರು ಅಂದರು. ಕೂತೆ. ನನ್ನ ಬಲಗೈಯನ್ನು ಅವರ ತೊಡೆ ಮೇಲೆ ಇಟ್ಟುಕೊಂಡು ಒಂದೊಂದು ಬೆರಳಿಗೂ ಹಚ್ಚಿದರು. ಈ ಕಾಗದ ನಾಳೆ ಬರೆಯೋಣ ಅಂದುಕೊಂಡಿದ್ದೆ. ಆದರೆ ಬಯ್ಯಪ್ಪ ಸಂಜೆ ಬಸ್ಸಿಗೆ ಹೋಗುತ್ತಾನೆ. ಅದಕ್ಕೆ ಕೈ ತೊಳೆದುಕೊಂಡು ಬರೆಯುತ್ತಿದ್ದೇನೆ. ಮೇಲೆ ಮೂಲೆಯಲ್ಲಿ ಕಲೆ ಆಗಿದೆ, ಅದು ಗೋರಂಟಿ, ಬೇರೆ ಏನಲ್ಲ.

ಹೂ ಬಂತು ಅಂತ ಓದಿ ಖುಷಿಯಾಯಿತು. ಇನ್ನೂ ಒಂದು ವರ್ಷ ಯಾರಿಗೂ ಎಲೆ ಕೊಡಬೇಡ. ಪಕ್ಕದ ಮನೆಯವರು ಕೇಳಿದರೆ ನನ್ನ ಹೆಸರು ಹೇಳು. ಎಮ್ಮೆ ಕಡೆ ನೋಡಿಕೋ. ಮುದ್ದೆಗೆ ಹಿಟ್ಟು ಹಾಕಿದ ಮೇಲೆ ಬೇಯೋಕೆ ಬಿಡು, ಆತುರಪಟ್ಟು ತಿರುವಬೇಡ, ಗಂಟಾಗಲ್ಲ.

ಅಣ್ಣ, ಆವತ್ತು ನೀನು ಎರಡು ಸಲ ಕೇಳಿದೆ. ನಾನು ಉತ್ತರ ಹೇಳಲಿಲ್ಲ. ಹೇಳೋಕೆ ದೊಡ್ಡ ಕಾರಣ ಏನಾದರೂ ಇರಬೇಕು ಅಂತ ನನಗೂ ಅನ್ನಿಸುತ್ತಿತ್ತು. ಇಷ್ಟು ವರ್ಷ ಹುಡುಕಿದೆ, ಸಿಗಲಿಲ್ಲ. ಇವತ್ತು ಕೈ ತೊಳೆದು ನೋಡಿದಾಗ ಗೊತ್ತಾಯಿತು.

ಚೆನ್ನಾಗಿ ಕಾಣುತ್ತೆ ಅಂತ ಹಚ್ಕೊಂಡೆ ಅಣ್ಣ. ಅಷ್ಟೇ.

ಗಂಗುಲಮ್ಮ